ಕರ್ರಗ ಆಗತೈತಂತ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಮಳೆಯಲ್ಲಿ ನೆನೆದ ಹಳೇ ತಗಡಿನ ವಾಸನೆ. ತೊಂಬತ್ತರ ದಶಕದ ನಡುವಿನ ಮಾತು. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ದೊಡ್ಡ ತರಗತಿಯ ಹುಡುಗಿಯರಿಗೆ ಹಂಚಲೆಂದು ಕಬ್ಬಿಣಾಂಶದ ಗುಳಿಗೆಗಳ ಡಬ್ಬಿಯೊಂದನ್ನು ಆಸ್ಪತ್ರೆಯವರು ತಂದು ನನ್ನ ಟೇಬಲ್ಲಿನ ಮೇಲಿಟ್ಟು ಹೋಗಿದ್ದರು. ನಮ್ಮ ಹೆಡ್‌ಮಾಸ್ತರರು ದೇವರಂಥ ಮನುಷ್ಯ, ಆದರೆ ನಾಚಿಕೆ ವಿಪರೀತ. ಊಟ ಆದಮೇಲೆ ಒಂದೊಂದು ನುಂಗಿ ಅಂತಷ್ಟೇ ಹೇಳಿ ಮುಗಿಸಿಬಿಡಿ ಮೇಡಂ, ಹೆಣ್ಣುಮಕ್ಕಳ ಮುಂದೆ ಉಳಿದ ವಿವರ ಯಾಕೆ, ಅಂದರು.

ಉಳಿದ ವಿವರ ಯಾಕೆ ಅಂತೆ. ನನಗೆ ಎಲ್ಲಿಂದ ಬಂತೋ ಸಿಟ್ಟು, ಹಿರಿಯರು ಅನ್ನುವುದನ್ನೂ ನೋಡದೆ, "ಆ ವಿವರದಾಗ ಒಂದು ಜೀವ ಹೋಗೈತ್ರಿ ಸರ್" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಸ್ಟಾಫ್‌ರೂಮಿನಲ್ಲಿ ನಿಂತು ಹೇಳುವುದು ಹೇಗೆ? ಡಬ್ಬಿ ಮುಚ್ಚಿ ಕೂತೆ. ಕೂತಲ್ಲೇ ನನ್ನ ಹತ್ತನೆಯ ತರಗತಿಯ ವರ್ಷ ಎದುರಿಗೆ ಬಂದು ನಿಂತಿತು.

ನಮ್ಮೂರು ತುರ್ವಿಹಾಳ. ಕಾಲುವೆ ನೀರಿನ ಊರು. ನಮ್ಮ ಅಜ್ಜನ ಕಾಲಕ್ಕೆ ಜೋಳ ಬಿಟ್ಟರೆ ಗತಿ ಇರಲಿಲ್ಲವಂತೆ. ಅನ್ನ ಅಂದರೆ ಹಬ್ಬಕ್ಕೆ, ಇಲ್ಲಾ ಜ್ವರ ಬಂದವರಿಗೆ. ಕಾಲುವೆ ಬಂತು, ಆಂಧ್ರದವರು ಬಂದು ಕ್ಯಾಂಪು ಹಾಕಿದರು, ನಮ್ಮವರೂ ಭತ್ತ ಹಚ್ಚಿದರು. ನಾನು ಬುದ್ಧಿ ತಿಳಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಮೂರೂ ಹೊತ್ತು ಅನ್ನ. ಅದೂ ಎಂಥದು, ಮಿಲ್ಲಿನಲ್ಲಿ ಎರಡೆರಡು ಸಲ ಪಾಲಿಶ್ ಮಾಡಿಸಿದ, ಮಲ್ಲಿಗೆ ಮೊಗ್ಗಿನಷ್ಟು ಬಿಳಿ ಅಕ್ಕಿ. ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಮನೆಯನ್ನು ನಾವು ಬಡವರ ಮನೆ ಅಂದುಕೊಳ್ಳುತ್ತಿದ್ದೆವು. ನನಗೆ ಅದರದೊಂದು ದೊಡ್ಡ ಸೊಕ್ಕಿತ್ತು. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹತ್ತನೆಯ ತರಗತಿಗೆ ಅಪ್ಪ ನನ್ನನ್ನು ಸಿಂಧನೂರಿನ ಹಾಸ್ಟೆಲ್ಲಿಗೆ ಹಾಕಿದ. ಪೇಟೆಯ ನಾಲ್ಕಾರು ದಾನಿಗಳು ಸೇರಿ ನಡೆಸುತ್ತಿದ್ದ ಸಣ್ಣ ಹಾಸ್ಟೆಲ್ಲು. ರೈಸ್‌ಮಿಲ್ಲಿನ ಹಿಂದೆ ಒಂದು ಉದ್ದನೆಯ ಕೋಣೆ, ಹದಿನೆಂಟು ಹುಡುಗಿಯರು, ಒಬ್ಬರು ಮೇಟ್ರನ್. ಕಿಟಕಿ ತೆರೆದರೆ ತೌಡಿನ ಧೂಳು ಬಂದು ಪುಸ್ತಕದ ಮೇಲೆ ಕೂರುತ್ತಿತ್ತು. ನನ್ನ ಪಕ್ಕದ ಚಾಪೆ ಅಮರಮ್ಮನದು. ಮಸ್ಕಿಯಿಂದ ಇನ್ನೂ ಒಳಗೆ, ಬಸ್ಸಿಳಿದು ನಡೆಯಬೇಕಾದ ಊರು ಅವಳದು. ಕಾಲುವೆ ಕಾಣದ ಎರೆಹೊಲದ ಊರು. ಅಪ್ಪ ಇಲ್ಲ, ಅಣ್ಣ ಕುರಿ ಕಾಯುತ್ತಿದ್ದ, ಅವ್ವ ಹನುಮವ್ವ ಹೊಲದ ಕೆಲಸ ಮತ್ತು ಎರಡು ಎಮ್ಮೆ ನೋಡಿಕೊಂಡು ಮನೆ ನಡೆಸುತ್ತಿದ್ದಳು. ಮಗಳು ಹತ್ತು ಪಾಸಾಗಿ ನರ್ಸ್ ಆಗಬೇಕು ಅನ್ನುವುದು ಹನುಮವ್ವನ ಹಟ. ಅಮರಮ್ಮ ಎತ್ತರಕ್ಕೆ, ಗಟ್ಟಿಮುಟ್ಟಾಗಿ, ಎರೆಮಣ್ಣಿನ ಬಣ್ಣಕ್ಕಿದ್ದಳು. ಜೂನ್ ತಿಂಗಳ ಮೊದಲ ಮಳೆಯ ದಿನ ತಲೆಯ ಮೇಲೆ ಟ್ರಂಕ್ ಹೊತ್ತು, ಬಗಲಲ್ಲಿ ಬುತ್ತಿ ಗಂಟು ಹಿಡಿದು, ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಳು. ಏದುಸಿರು ಕೂಡ ಬಿಡಲಿಲ್ಲ.

ಆ ಗಂಟಿನಲ್ಲಿ ಒಂದು ಹೊರೆ ಕಟಕ್ ರೊಟ್ಟಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಅಂತ ಎರಡು ಥರದ ಚಟ್ನಿಪುಡಿ, ಒಣಗಿಸಿದ ಪುಂಡಿಸೊಪ್ಪು. ಹದಿನೈದು ದಿನಕ್ಕೊಮ್ಮೆ ಹನುಮವ್ವ ಇಂಥದೇ ಒಂದು ಗಂಟನ್ನು ಬಸ್ಸಿನವರ ಕೈಲಿ ಕೊಟ್ಟು ಕಳಿಸುತ್ತಿದ್ದಳು. ಹಾಸ್ಟೆಲ್ಲಿನ ಊಟ ಅಂದರೆ ಅನ್ನ. ಕುದಿಸಿ, ಗಂಜಿ ಬಸಿದು ಅಡುಗೆಯವಳ ಎಮ್ಮೆಗೆ ಕಳಿಸಿ, ಉಳಿದ ಉದುರು ಅನ್ನದ ಮೇಲೆ ತೆಳ್ಳನೆಯ ಸಾರು. ಸಾರಿನಲ್ಲಿ ಬೇಳೆ ಸಿಗಬೇಕಾದರೆ ಮುಳುಗು ಹಾಕಬೇಕು ಅಂತ ನಗುತ್ತಿದ್ದೆವು. ಭಾನುವಾರ ಬದನೆಕಾಯಿ. ಉಂಡ ಮೇಲೆ ಎಲ್ಲರಿಗೂ ಚಹಾ. ಆದರೆ ಅನ್ನಕ್ಕೆ ಮಾತ್ರ ಕೊರತೆ ಇರಲಿಲ್ಲ, ಕೇಳಿದಷ್ಟು ಹಾಕುತ್ತಿದ್ದರು. ಹೊಟ್ಟೆ ಬಿರಿಯುವಷ್ಟು ಉಣ್ಣುತ್ತಿದ್ದೆವು. ಅಲ್ಲಿ ನಾವು ಹಸಿದಿದ್ದೆವು ಅಂತ ಯಾರಾದರೂ ಹೇಳಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ.

ಅಮರಮ್ಮ ಅನ್ನದ ಜೊತೆ ತನ್ನ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದಳು. ಕಟಕಟ ಸಪ್ಪಳ ಇಡೀ ಸಾಲಿಗೆ ಕೇಳುತ್ತಿತ್ತು. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಅನ್ನುವ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಜೋಳದ ಗಟ್ಟಿತನ ಹೇಳುವ ಗಾದೆ ಅದು. ನಾನು ಅದನ್ನು ತಿರುವಿ ಹಾಕಿದೆ. ನೀ ತೋಳ, ನಾವೆಲ್ಲ ಹಕ್ಕಿ, ಅಂತ ಕಾಡಿಸಿದೆ. ಹುಡುಗಿಯರೆಲ್ಲ ಬಿದ್ದುಬಿದ್ದು ನಕ್ಕರು. ಹದಿನೈದು ವರ್ಷದ ಯಾವ ಹುಡುಗಿಗೆ ತೋಳ ಆಗಬೇಕು ಅನ್ನಿಸುತ್ತದೆ ಹೇಳಿ? ಅಷ್ಟಕ್ಕೇ ಬಿಡಲಿಲ್ಲ ನಾನು. ಜೋಳ ತಿಂದರೆ ಮೈ ಕಪ್ಪಾಗುತ್ತದೆ, ಅಕ್ಕಿ ತಿಂದರೆ ಅಕ್ಕಿಯ ಬಣ್ಣ ಬರುತ್ತದೆ, ಕ್ಯಾಂಪಿನ ಹುಡುಗಿಯರನ್ನು ನೋಡು ಅಂತ ಹೇಳಿದೆ. ನನಗೆ ಬಾಯಿಬಡಕಿ ಅಂತಲೇ ಹೆಸರು. ಮೇಟ್ರನ್ ಸಹ ಹಾಗೇ ಕರೆಯುತ್ತಿದ್ದರು.

ಗಣೇಶನ ಹಬ್ಬದ ಹೊತ್ತಿಗೆ ಅಮರಮ್ಮನ ರೊಟ್ಟಿಗಂಟು ಬಿಚ್ಚದೇ ಉಳಿಯತೊಡಗಿತು. ಅದನ್ನೂ ಅಡುಗೆಯವಳ ಎಮ್ಮೆಯೇ ತಿಂದಿತು. ಇನ್ನು ಬುತ್ತಿ ಕಳಿಸಬ್ಯಾಡ, ಇಲ್ಲಿ ಊಟ ಚಲೋ ಐತಿ ಅಂತ ಅವಳು ಅವ್ವನಿಗೆ ಕಾಗದ ಬರೆದಳು. ಆ ಕಾಗದ ಬರೆಯುವಾಗ ಪಕ್ಕದಲ್ಲಿ ಕೂತು ಅಕ್ಷರ ತಿದ್ದಿದವಳು ನಾನೇ.

ಅನ್ನಕ್ಕೆ ಅಕ್ಕಿ ಆರಿಸುವುದು ನಮ್ಮ ಪಾಳಿಯ ಕೆಲಸ. ಇಬ್ಬಿಬ್ಬರು ಮೊರ ಹಿಡಿದು ಕೂರಬೇಕು. ಅಮರಮ್ಮ ಆರಿಸುತ್ತ ಆರಿಸುತ್ತ ಹಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೊದಲು ನಾಲ್ಕು ಕಾಳು, ಆಮೇಲೆ ಹಿಡಿ, ಆಮೇಲೆ ಲಂಗದ ಕಿಸೆಯಲ್ಲಿ ತುಂಬಿಕೊಂಡು ಕ್ಲಾಸಿನಲ್ಲೂ ನುರಿಸತೊಡಗಿದಳು. ಹಸಿ ಅಕ್ಕಿ ತಿಂದ್ರ ಮದುವ್ಯಾಗ ಮಳಿ ಬರತೈತಿ, ನಿನ್ನ ಹಂದರ ತೇಲಿ ಹೋಗತೈತಿ ನೋಡು, ಅಂತ ನಾವು ಕಾಡಿಸುತ್ತಿದ್ದೆವು. ಅವಳೂ ನಗುತ್ತಿದ್ದಳು. ತಿನ್ನದಿದ್ದರೆ ಜೀವ ಚಡಪಡಿಸುತ್ತದೆ ಅಂತ ಒಮ್ಮೆ ಅಂದಳು. ರಕ್ತ ಕಡಿಮೆಯಾದ ಮೈ ಹೀಗೆ ಅಕ್ಕಿಗೆ, ಮಣ್ಣಿಗೆ, ಸುಣ್ಣಕ್ಕೆ ಬಾಯಿಬಿಡುತ್ತದೆ ಅಂತ ನಾನು ಓದಿಕೊಂಡದ್ದು ಬಹಳ ವರ್ಷ ಕಳೆದ ಮೇಲೆ. ಆಗ ಅದೊಂದು ಚಾಳಿ ಅಷ್ಟೇ.

ದಸರೆಯ ಸೂಟಿಗೆ ಎರಡು ದಿನ ಅವಳ ಊರಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುವಾಗ ಎರಡು ಕಡೆ ಕೂತಳು. ಜೂನಿನಲ್ಲಿ ಟ್ರಂಕ್ ಹೊತ್ತು ನಡೆದವಳು. ಬಿಸಿಲು ಅಂದಳು, ನಾನೂ ಬಿಸಿಲೇ ಅಂದುಕೊಂಡೆ. ಮನೆ ಮುಟ್ಟಿದರೆ ಓಣಿಯ ಹೆಂಗಸರೆಲ್ಲ ಬಂದು ಅವಳ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. ಮುಖ ಬೆಳ್ಳಗಾಗಿತ್ತು, ನಿಜ. ಕೆನ್ನೆ ಸ್ವಲ್ಪ ಊದಿತ್ತು. ಹನುಮವ್ವ ಹಿಗ್ಗಿನಿಂದ ನನ್ನ ಕೈ ಹಿಡಿದುಕೊಂಡಳು.

"ಹ್ಯಾಂಗ ಬೆಳ್ಳಗ ಆಗೈತಿ ನೋಡವ್ವ ನಮ್ಮದು. ಮೈ ಹಿಡದೈತಿ. ಕಾಲವಿ ಅನ್ನ ಉಂಡ್ರ ಹಿಂಗ ಆಗತೈತಿ."

ಇಲ್ಲೊಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಮನೆಯ ಹೆಣ್ಣುಮಗಳನ್ನು ಅವಳು ಬಂದಳು, ಹೋದಳು ಅನ್ನುವುದು ಕಡಿಮೆ. ಅದು ಬಂತು, ಅದು ಉಂಡಿತು, ಅದಕ್ಕ ನೆಗಡಿ ಆಗೈತಿ ಅಂತಲೇ ಮಾತು. ಗಂಡುಮಗ ಕೂಸಿದ್ದಾಗಲೇ ಅವನು ಆಗುತ್ತಾನೆ. ಹುಡುಗಿ ಲಗ್ನವಾಗಿ ಹೋಗುವವರೆಗೂ ಅದು. ಇದರಲ್ಲಿ ತಿರಸ್ಕಾರ ಏನಿಲ್ಲ, ಪ್ರೀತಿಯೇ ಹೆಚ್ಚು. ನನ್ನ ಅಪ್ಪನೂ ನನ್ನನ್ನು ಹಾಗೇ ಅನ್ನುತ್ತಿದ್ದ. ಆದರೆ ಈ 'ಅದು' ಅನ್ನುವ ಶಬ್ದ ಒಂದು ದಿನ ನನ್ನ ಕೊರಳಿಗೆ ಸುತ್ತಿಕೊಂಡಿತು.

ಆ ಸೂಟಿಯಲ್ಲಿ ಹನುಮವ್ವ ತಮಗೆ ರೊಟ್ಟಿ ಬಡಿದುಕೊಂಡು, ನಮ್ಮಿಬ್ಬರಿಗಂತ ಮಸ್ಕಿಯಿಂದ ಅಕ್ಕಿ ತರಿಸಿ ಅನ್ನ ಮಾಡಿದಳು. ಬಣ್ಣ ಬಂದ ಹುಡುಗಿಗೆ ಮತ್ತೆ ಜೋಳ ಯಾಕೆ ಅಂತ.

ಸಂಕ್ರಮಣದ ಹೊತ್ತಿಗೆ ಅಮರಮ್ಮನ ಸೋದರಮಾವ ಒಂದು ಸಂಬಂಧ ತಂದ. ಗಂಡು ಲಿಂಗಸುಗೂರಿನ ಕಚೇರಿಯೊಂದರಲ್ಲಿ ಕಾರಕೂನ. ಕಲಿತ ಹುಡುಗಿ ಬೇಕು, ಬೆಳ್ಳಗಿರಬೇಕು ಅಂತ ಅವರ ಬೇಡಿಕೆ. ಆರು ತಿಂಗಳ ಹಿಂದೆ ಆಗಿದ್ದರೆ ಆ ಮನೆಯವರು ಅಮರಮ್ಮನ ಓಣಿಗೂ ಕಾಲಿಡುತ್ತಿರಲಿಲ್ಲ. ಬಂದರು, ನೋಡಿದರು, ಒಪ್ಪಿದರು. ನರ್ಸ್ ಆಗುವ ಮಾತು ಏನಾಯಿತು ಅಂತ ಕೇಳಿದೆ. ಪರೀಕ್ಷೆ ಬರೆಯಲಿ, ಮುಂದಿನದು ಗಂಡನ ಮನೆಯಲ್ಲಿ ನೋಡಿಕೊಳ್ಳಲಿ ಅಂತ ಮಾವ ಅಂದನಂತೆ. ಅಮರಮ್ಮನಿಗೆ ಒಳಗೊಳಗೆ ಖುಷಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ತಗಡಿನ ಚೌಕಟ್ಟಿನ ಸಣ್ಣ ಕನ್ನಡಿಯನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದಳು. ನನಗೂ ಒಂದು ಹೆಮ್ಮೆ, ಇದೆಲ್ಲ ನನ್ನ ಮಾತು ಕೇಳಿದ್ದಕ್ಕೆ ಆಯಿತು ಅಂತ.

ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ನೀರಿನ ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಬಿದ್ದಳು. ಕಾಲು ಜಾರಿ ಬಿದ್ದದ್ದಲ್ಲ. ನಿಂತ ನಿಂತ ಹಾಗೇ ಕುಸಿದಳು. ನಾನು ಹಿಂದೆಯೇ ಇದ್ದೆ. ತುಟಿ ಸುಣ್ಣ ಬಳಿದಂತಿತ್ತು, ಎದೆ ಡವಡವ ಹೊಡೆದುಕೊಳ್ಳುವುದು ರವಿಕೆಯ ಮೇಲಿಂದಲೇ ಕಾಣುತ್ತಿತ್ತು. ಮೇಟ್ರನ್ ಮತ್ತು ನಾನು ಸೇರಿ ಒಬ್ಬ ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದ ಹೆಂಗಸು, ಮಾತು ಒರಟು. ಅಮರಮ್ಮನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದಳು. ಒಳಗೆ ಕೆಂಪಿರಬೇಕಾದ ಜಾಗ ಹತ್ತಿಯಂತಿತ್ತು. ನನ್ನ ಕಣ್ಣನ್ನೂ ಹಾಗೇ ಎಳೆದು ನೋಡಿದಳು, ನೀನೂ ಏನು ಬಹಳ ದೂರ ಇಲ್ಲ ಅಂದಳು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು.

ಲಗ್ನ ಗೊತ್ತಾಗಿದೆ, ಈಗೀಗ ಹುಡುಗಿಗೆ ಬಣ್ಣ ಬಂದಿದೆ ಅಂತ ಮೇಟ್ರನ್ ಏನೋ ಒಂದು ಹೇಳಲು ಹೋದರು. ನರ್ಸಮ್ಮ ಮಾತು ಮುಗಿಸಲು ಬಿಡಲಿಲ್ಲ.

"ಇದಕ್ಕ ಬಣ್ಣ ಅಂತೀರೇನ್ರಿ? ಮೈಯಾಗ ರಕ್ತ ಇಲ್ಲ ಇದಕ್ಕ. ಹಿಂಗ ಲಗ್ನ ಮಾಡಿ ಕಳಿಸಿದ್ರ ಮೊದಲನೇ ಹೆರಿಗ್ಯಾಗ ಹೋಗತೈತಿ."

ಮನೆಯಲ್ಲಿ ಮೊದಲು ಏನು ತಿನ್ನುತ್ತಿದ್ದೆ ಅಂತ ಅಮರಮ್ಮನನ್ನು ಕೇಳಿದಳು. ರೊಟ್ಟಿ, ಪುಂಡಿಪಲ್ಯೆ, ಹೆಸರುಕಾಳು, ಗುರೆಳ್ಳು ಹಿಂಡಿ ಅಂತ ಅವಳು ಒಂದೊಂದಾಗಿ ಹೇಳುತ್ತಿದ್ದರೆ ನಾನು ನೆಲ ನೋಡುತ್ತಿದ್ದೆ. ಅದನ್ನು ಬಿಟ್ಟು ಈ ಬಿಳಿ ಕೂಳಿಗೆ ಯಾಕೆ ಬಂದೆಯವ್ವ, ಹೋಗಿ ಅದನ್ನೇ ತಿನ್ನು ಅಂದಳು. ಆಮೇಲೆ ಕಾಗದದ ಪೊಟ್ಟಣ ತುಂಬ ಕಪ್ಪುಗೆಂಪು ಗುಳಿಗೆ ಕಟ್ಟಿಕೊಟ್ಟಳು. ಅಮರಮ್ಮ ಬೆಂಚಿನ ಮೇಲೆ ಮಲಗಿದ್ದಳು, ಮೇಟ್ರನ್ ರಿಕ್ಷಾ ನೋಡಲು ಹೋಗಿದ್ದರು, ಹಾಗಾಗಿ ಹೇಳುವುದನ್ನೆಲ್ಲ ನನಗೇ ಹೇಳಿದಳು. ದಿನಾ ತಪ್ಪದೆ ನುಂಗಬೇಕು, ಲಗ್ನದವರೆಗೂ, ಲಗ್ನ ಆದಮೇಲೂ. ಸಂಡಾಸ ಕರ್ರಗ ಆಗತೈತಿ, ಅದನ್ನ ನೋಡಿ ಅಂಜಿ ಗುಳಿಗಿ ಬಿಡತಾರ ಮಂದಿ, ಅವರ ಅವ್ವಗ ಬಿಡಿಸಿ ಹೇಳು, ಅಂದಳು. ಬಿಡಿಸಿ ಹೇಳು ಅನ್ನುವುದನ್ನು ಎರಡು ಸಲ ಅಂದಳು. ನಾನು ಹೂಂ ಅಂದೆ.

ಮರುದಿನ ಅಮರಮ್ಮನನ್ನು ಊರಿಗೆ ಬಿಟ್ಟು ಬರಲು ಮೇಟ್ರನ್ ನನ್ನನ್ನೇ ಜೊತೆ ಮಾಡಿದರು. ಬಾಯಿಬಡಕಿ ಇದ್ದೀಯಲ್ಲ, ಎಲ್ಲ ಸರಿಯಾಗಿ ಹೇಳಿ ಬಾ ಅಂದರು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡೆ. ಮಸ್ಕಿ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಎರೆಹೊಲದಲ್ಲಿ ಬಿಳಿಜೋಳದ ಕೊಯ್ಲು ನಡೆದಿತ್ತು, ಕಣದ ತುಂಬ ತೆನೆಯ ರಾಶಿ. ಅಮರಮ್ಮ ಕಿಟಕಿಗೆ ತಲೆ ಆನಿಸಿ ಅದನ್ನೇ ನೋಡುತ್ತಿದ್ದಳು, ಮಾತಾಡುವ ಶಕ್ತಿ ಇರಲಿಲ್ಲ.

ನಮ್ಮ ಗ್ರಹಚಾರ, ಅವತ್ತೇ ಲಿಂಗಸುಗೂರಿನ ಬೀಗರ ಕಡೆಯ ಇಬ್ಬರು ಹಿರಿಯರು ಬಂದು ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ಲಗ್ನದ ದಿನ ಗೊತ್ತು ಮಾಡಲು ಬಂದವರು. ಮಾವ ಅವರ ಎದುರು ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದ. ಹನುಮವ್ವ ಮಗಳ ಮುಖ ನೋಡಿ ಗಾಬರಿಯಾಗಿ, ಅವಳನ್ನು ಹಿತ್ತಲ ಬಾಗಿಲಿಂದ ಒಳಗೆ ಕಳಿಸಿ, ನನ್ನನ್ನು ಬಾಗಿಲ ಮರೆಗೆ ಎಳೆದುಕೊಂಡಳು. ಏನಾಗಿದೆ ಅಂತ ಕೇಳಿದಳು. ಗಂಡಸರು ಮೂರು ಮಾರು ದೂರದಲ್ಲಿದ್ದರು. ನಾನು ಸಣ್ಣ ದನಿಯಲ್ಲಿ ನಿತ್ರಾಣ ಆಗಿದೆ, ಗುಳಿಗೆ ಕೊಟ್ಟಿದ್ದಾರೆ, ದಿನಾ ನುಂಗಿಸಬೇಕು, ರೊಟ್ಟಿ ಪಲ್ಯೆ ತಿನ್ನಿಸಬೇಕು ಅಂದೆ. ಇನ್ನು ಬಿಡಿಸಿ ಹೇಳಬೇಕಾದ ಆ ಮಾತು ಉಳಿಯಿತು. ಬೀಗರಲ್ಲಿ ಒಬ್ಬರು ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದರು. ಆ ಶಬ್ದ ನನ್ನ ಬಾಯಿಗೆ ಬರಲೇ ಇಲ್ಲ. ಊರೆಲ್ಲಾ ಒದರಾಡುವ ನನ್ನ ಬಾಯಿ ಒಂದು ಶಬ್ದಕ್ಕೆ ಕಟ್ಟಿಬಿಟ್ಟಿತು. ಅದೊಂದನ್ನು ನುಂಗಿ ಉಳಿದದ್ದನ್ನು ಹೇಳಿದೆ.

"ಗುಳಿಗಿ ನುಂಗಿದ್ರ ಕರ್ರಗ ಆಗತೈತಂತ. ಅಂಜಬ್ಯಾಡ್ರಿ ಅಂದಾರ."

ಯಾವುದು ಕಪ್ಪಗಾಗುತ್ತದೆ ಅಂತ ನಾನು ಹೇಳಲಿಲ್ಲ, ಹನುಮವ್ವ ಕೇಳಲಿಲ್ಲ. ಅವಳಿಗೆ ಕೇಳುವ ಅಗತ್ಯವೇ ಇರಲಿಲ್ಲ. ಬೆಳ್ಳಗ ಆದದ್ದು ಅದೇ, ಕರ್ರಗ ಆಗುವುದೂ ಅದೇ. ಒಂದು ಸಲ ಕಟ್ಟೆಯ ಕಡೆ ನೋಡಿದಳು, ಇನ್ನೊಂದು ಸಲ ನನ್ನ ಕೈಯ ಪೊಟ್ಟಣ ನೋಡಿದಳು. ಹೂಂ ಅಂದು ಅದನ್ನು ತಗೊಂಡು ಸೀರೆಯ ಮಡಿಲಿಗೆ ಕಟ್ಟಿದಳು. ಹೇಳಿ ಮುಗಿಯಿತಲ್ಲ ಅಂತ ನನ್ನ ಎದೆ ಹಗುರಾಯಿತು. ಚಹಾ ಕುಡಿದು, ಅವರು ಕೊಟ್ಟ ಒಗ್ಗರಣೆ ಹಾಕಿದ ಮಂಡಾಳ ತಿಂದು, ಸಂಜೆಯ ಬಸ್ಸಿಗೆ ಸಿಂಧನೂರಿಗೆ ಬಂದೆ.

ಅಮರಮ್ಮ ಮತ್ತೆ ಬಂದದ್ದು ಪರೀಕ್ಷೆಗೆ. ಅದೇ ಬಿಳಿ ಮುಖ, ಇನ್ನಷ್ಟು ಊದಿತ್ತು. ಕನ್ನಡ ಪೇಪರು ಮುಗಿಸಿ ವರಾಂಡದಲ್ಲಿ ಕೂತಾಗ, ಗುಳಿಗೆ ನುಂಗುತ್ತಿದ್ದೀಯೇನೇ ಅಂತ ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಅವ್ವ ಬ್ಯಾಡ ಅಂದಾಳ. ನೀನ ಅಂದ್ಯಂತಲ್ಲ, ನುಂಗಿದ್ರ ಕರ್ರಗ ಆಗತೈತಿ ಅಂತ. ಲಗ್ನ ಆಗಲಿ, ಆಮ್ಯಾಲ ನೋಡೂಣು ಅಂತ ಎತ್ತಿಟ್ಟಾಳ."

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅವಳ ಕಿವಿಯಲ್ಲಿ ನಿಜ ಹೇಳಿದೆ, ಕಪ್ಪಗಾಗುವುದು ನೀನಲ್ಲ, ಇಂಥದು ಅಂತ. ಅವಳು ಕಣ್ಣು ದೊಡ್ಡದು ಮಾಡಿ ನೋಡಿದಳು, ಆಮೇಲೆ ನಗತೊಡಗಿದಳು. ನಾನೂ ನಕ್ಕೆ. ಇಬ್ಬರೂ ಕಂಬ ಹಿಡಿದುಕೊಂಡು ನಕ್ಕೆವು. ನಕ್ಕು ನಕ್ಕು ಅವಳಿಗೆ ಉಸಿರು ಸಿಗದೆ ಎದೆ ಒತ್ತಿಕೊಂಡು ಕೂತುಬಿಟ್ಟಳು. ನನ್ನ ಬಾಯಿಗೆ ಬೆಂಕಿ ಬೀಳಲಿ, ಆಗಲೂ ನಾನು ನಗುತ್ತಲೇ ಇದ್ದೆ. ಅವಳ ಉಸಿರು ತಹಬಂದಿಗೆ ಬಂದ ಮೇಲೆ, ಊರಿಗೆ ಹೋದ ಕೂಡಲೇ ಅವ್ವನಿಗೆ ಹೇಳಿ ನುಂಗು ಅಂದೆ. ಇಂಥ ಮಾತು ಅವ್ವನ ಮುಂದೆ ಹೇಗೆ ಹೇಳಲಿ, ನೀನೇ ಬಂದು ಹೇಳು ಅಂದಳು. ಆಮೇಲೆ, ಲಗ್ನದವರೆಗೆ ಹೀಗೇ ಇರಲಿ ಬಿಡು, ನನಗೂ ಈ ಬಣ್ಣ ಇಷ್ಟ ಐತಿ ಅಂತ ಮುಖ ಆ ಕಡೆ ಮಾಡಿ ಅಂದಳು.

ಪರೀಕ್ಷೆ ಮುಗಿದ ಕೂಡಲೇ ಹೋಗಿ ಹೇಳುತ್ತೇನೆ ಅಂತ ಮಾತು ಕೊಟ್ಟೆ. ಪರೀಕ್ಷೆ ಮುಗಿಯಿತು. ಏಪ್ರಿಲ್ ಬಿಸಿಲು, ಬಸ್ಸಿಳಿದು ನಡೆಯಬೇಕು, ಜೊತೆಗೆ ಯಾರಿಲ್ಲ. ಇವೆಲ್ಲ ನೆಪ. ನಿಜ ಏನೆಂದರೆ, ನಾನು ಹೇಳಿದ್ದು ತಪ್ಪಾಗಿ ಕೇಳಿಸಿದೆ ಅಂತ ಹೇಳಬೇಕಾದರೆ ಆ ಶಬ್ದವನ್ನು ಬಾಯಿಬಿಟ್ಟು ಹೇಳಬೇಕಿತ್ತು. ಲಗ್ನಕ್ಕೆ ಹೇಗೂ ಹೋಗುತ್ತೇನಲ್ಲ ಅಂದುಕೊಂಡೆ.

ಲಗ್ನ ಮೇ ತಿಂಗಳಲ್ಲಿ, ಮಸ್ಕಿಯಲ್ಲಿ ಮಾವನ ಮನೆಯ ಮುಂದೆ. ಹಂದರದ ತುಂಬ ಹೆಂಗಸರು ಅಮರಮ್ಮನನ್ನೇ ನೋಡುತ್ತಿದ್ದರು. ಅರಿಶಿನ ಹಚ್ಚಿದ ಆ ಮುಖ ಮೇಣದಂತೆ ಹೊಳೆಯುತ್ತಿತ್ತು. ಅಕ್ಷತೆಗೆ ನಿಲ್ಲಲಾರದೆ ಎರಡು ಸಲ ಕುರ್ಚಿ ಹಾಕಿದರು. ನಾಚಿಕೆ, ಉಪವಾಸ ಅಂತ ಎಲ್ಲರೂ ಅಂದರು. ನಾನು ಗುಂಪಿನಲ್ಲಿ ನುಗ್ಗಿ ಹನುಮವ್ವನ ಸೆರಗು ಹಿಡಿದು, ಆ ಗುಳಿಗೆಯ ಬಗ್ಗೆ ಒಂದು ಮಾತು ಅಂದೆ. ಇವತ್ತು ಗುಳಿಗೆಯ ಮಾತು ಯಾಕವ್ವ, ಉಣ್ಣು ಹೋಗು ಅಂತ ನನ್ನ ಬಾಯಿಗೆ ಒಂದು ತುಂಡು ಲಾಡು ತುರುಕಿದಳು. ಅದನ್ನು ಅಗಿಯುತ್ತ ನಾನು ಪಂಕ್ತಿಗೆ ಹೋಗಿ ಕೂತೆ. ಗುಳಿಗೆಯ ಪೊಟ್ಟಣ ಗಂಡನ ಮನೆಗೆ ಹೋಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಹೊಸ ಸೊಸೆ ಮೊದಲ ವಾರವೇ ಕಪ್ಪಗಾಗಲಿ ಅಂತ ಯಾವ ತಾಯಿ ಕಳಿಸುತ್ತಾಳೆ?

ಮುಂದಿನ ವರ್ಷ ನಾನು ಸಿಂಧನೂರಿನಲ್ಲೇ ಪಿಯುಸಿ ಓದುತ್ತಿದ್ದೆ. ಸಂತೆಯಲ್ಲಿ ಸಿಕ್ಕ ಹಾಸ್ಟೆಲ್ಲಿನ ಅಡುಗೆಯವಳು ಹೇಳಿದಳು, ಲಿಂಗಸುಗೂರಿನಲ್ಲಿ ಅಮರಮ್ಮ ಹೆರಿಗೆಯಲ್ಲಿ ತೀರಿಕೊಂಡಳಂತೆ, ಕೂಸೂ ಉಳಿಯಲಿಲ್ಲವಂತೆ. ಬಹಳ ರಕ್ತ ಹೋಯಿತಂತೆ ಅಂದಳು. ಇದ್ದದ್ದೇ ಎಷ್ಟು, ಹೋಗುವುದಕ್ಕೆ. ನಾನು ಕೈಯಲ್ಲಿದ್ದ ಬದನೆಕಾಯಿಗಳನ್ನು ಅಲ್ಲೇ ಇಟ್ಟು ರೂಮಿಗೆ ಬಂದೆ. ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಹನುಮವ್ವನ ಊರಿನ ಕಡೆ ತಲೆ ಹಾಕಲಿಲ್ಲ. ಒಂದು ವೇಳೆ ಗುಳಿಗೆ ನುಂಗಿದ್ದರೂ ಅಮರಮ್ಮ ಉಳಿಯುತ್ತಿರಲಿಲ್ಲವೇನೋ ಅಂತ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ.

ಡಬ್ಬಿ ಬಂದ ಮರುದಿನ ನಾನು ನಮ್ಮ ಶಾಲೆಯ ಹುಡುಗಿಯರನ್ನೆಲ್ಲ ಕೂರಿಸಿ, ಒಬ್ಬೊಬ್ಬರ ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಕೆಂಪು ಕಂಡದ್ದು ಬಹಳ ಕಡಿಮೆ. ಗುಳಿಗೆ ಕೊಟ್ಟು, ಏನು ಕಪ್ಪಗಾಗುತ್ತದೆ ಅನ್ನುವುದನ್ನು ಅವರ ಮನೆಯ ಭಾಷೆಯಲ್ಲೇ, ಅವರ ಮನೆಯ ಶಬ್ದದಲ್ಲೇ ಹೇಳಿದೆ. ಹುಡುಗಿಯರು ಬಾಯಿಗೆ ಪುಸ್ತಕ ಅಡ್ಡ ಹಿಡ್ಕೊಂಡು ಮುಸಿಮುಸಿ ನಕ್ಕರು. ಹೊರಗೆ ಹೆಡ್‌ಮಾಸ್ತರರು ಕೆಮ್ಮಿದರು. ಅವತ್ತು ಮನೆಗೆ ಬಂದು ಮಲಗಿದಾಗ ಅನ್ನಿಸಿತು, ಯಾರಿಗೆ ಹೇಳಬೇಕಿತ್ತೋ ಅವಳನ್ನು ಬಿಟ್ಟು ಊರಿಗೆಲ್ಲ ಹೇಳುತ್ತಿದ್ದೇನೆ ಅಂತ.

ಭಾನುವಾರ ಮಸ್ಕಿಯ ಬಸ್ಸು ಹತ್ತಿದೆ. ಹನುಮವ್ವ ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದಳು. ಕೊಟ್ಟಿಗೆಯಲ್ಲಿ ಬಗ್ಗಿ ಎಮ್ಮೆಯ ಸಗಣಿ ಬಾಚುತ್ತಿದ್ದಳು. ತಲೆ ಪೂರ್ತಿ ಹಣ್ಣಾಗಿತ್ತು. ಗುರುತು ಹಿಡಿದು, ಕೈ ಗಲೀಜಾಗಿದೆ ಅಂತ ಮೊಣಕೈಯಿಂದಲೇ ನನ್ನನ್ನು ತಬ್ಬಿಕೊಂಡಳು. ಮಗಳ ಮಾತನ್ನು ಅವಳೇ ತೆಗೆದಳು. ಅವತ್ತು ನೀ ಒಂದು ಮಾತು ಹೇಳಿದ್ದು ಬಹಳ ಉಪಕಾರ ಆಯಿತವ್ವ, ಇಲ್ಲದಿದ್ದರೆ ಆ ಗುಳಿಗೆ ನುಂಗಿಸಿ ಲಗ್ನ ಮುರಿದುಕೊಳ್ಳುತ್ತಿದ್ದೆವು ಅಂದಳು. ಇದ್ದ ಒಂದು ವರ್ಷ ಗಂಡನ ಮನೆಯಲ್ಲಿ ಹೂವಿನಂತೆ ನೋಡಿಕೊಂಡರಂತೆ. ಮಣ್ಣಿಗೆ ಒಯ್ಯುವಾಗ ಸಹ ಎಷ್ಟು ಬೆಳ್ಳಗಿದೆ ಹುಡುಗಿ ಅಂತ ನೋಡಿದವರೆಲ್ಲ ಅಂದರಂತೆ.

ನನ್ನಿಂದ ತಡೆಯಲಾಗಲಿಲ್ಲ. ಅಲ್ಲೇ ಕೊಟ್ಟಿಗೆಯ ಕಂಬ ಹಿಡಿದು ನಿಂತು, ಆ ನರ್ಸಮ್ಮ ಹೇಳಿದ ಮಾತನ್ನು ಒಂದೂ ಶಬ್ದ ಬಿಡದೆ ಹೇಳಿದೆ. ಕಪ್ಪಗಾಗುವುದು ಏನಾಗಿತ್ತು, ಗುಳಿಗೆ ಯಾತಕ್ಕಿತ್ತು, ಆ ಬಿಳಿ ಬಣ್ಣ ಏನಾಗಿತ್ತು, ನಾನು ಯಾವ ಶಬ್ದವನ್ನು ನುಂಗಿದೆ, ಯಾಕೆ ನುಂಗಿದೆ, ಎಲ್ಲ. ಕಟ್ಟೆಯ ಮೇಲೆ ಗಂಡಸರಿದ್ದರು, ನನಗೆ ನಾಚಿಕೆಯಾಯಿತು ಅಂದೆ.

ಹನುಮವ್ವ ಅಳಲಿಲ್ಲ. ಸಗಣಿ ಮೆತ್ತಿದ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಹೇಲು ಅನ್ನಾಕ ನಾಚಿದ್ಯಾ?" ಅಂದಳು. "ನನ್ನ ಮುಂದ? ಅದರ ಹೇಲು ಉಚ್ಚಿ ಬಳದಾಕಿ ನಾನು."